ಸಾಲು ಹುಡುಕುವ ಮೇಷ್ಟ್ರು

ಸಯನ್‌ನ ಶಾಲೆಯೊಂದರಲ್ಲಿ ಮೂವತ್ತೈದು ವರ್ಷ ಇಂಗ್ಲಿಷ್ ಕಲಿಸಿದ ಸತ್ಯಮೂರ್ತಿ ಮೇಷ್ಟ್ರ ತರಗತಿಯ ಮಕ್ಕಳು ಪ್ಯಾಸೇಜಿನ ಪ್ರಶ್ನೆಗಳಲ್ಲಿ ಅಂಕ ಕಳೆದುಕೊಂಡದ್ದೇ ಇಲ್ಲ. ಗುಟ್ಟು ಬಲು ಸುಲಭ. ಪ್ರಶ್ನೆಯಲ್ಲಿರುವ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಹುಡುಕು, ಆ ಸಾಲನ್ನು ಹಾಗೇ ಇಳಿಸು. ಮೈಸೂರಿನಲ್ಲಿ ಅವರ ಮೇಷ್ಟ್ರು ಕಲಿಸಿದ್ದೂ ಅದೇ. ನಿವೃತ್ತರಾದ ಮೇಲೆ ಮಾಟುಂಗದ ಕನ್ನಡ ಸಂಘದ ಕೋಣೆಯಲ್ಲಿ ನಡೆಸುತ್ತಿದ್ದ ಭಾನುವಾರದ ತರಗತಿಗೂ ಅದೇ ಬಂಡವಾಳ.

ಅಲ್ಲಿಗೆ ದಾನೇಶ್ವರಿ ಬರುತ್ತಿದ್ದಳು. ವಿಜಯಪುರದ ಕಡೆಯವಳು, ಎಂಟನೆಯವರೆಗೆ ಓದಿದವಳು, ವಿಕ್ರೋಳಿಯ ಆಫೀಸೊಂದರಲ್ಲಿ ನೆಲ ಒರೆಸುವ ಕೆಲಸ. ಎರಡು ತಿಂಗಳಲ್ಲಿ ಸೂಪರ್‌ವೈಸರ್ ಹುದ್ದೆಗೆ ಪರೀಕ್ಷೆಯಿತ್ತು. ಇಂಗ್ಲಿಷ್ ಹಾಳೆ ಓದಿ ಉತ್ತರ ಕೊಡಬೇಕು. ಹನ್ನೊಂದು ವರ್ಷ ಬಗ್ಗಿ ಬಗ್ಗಿ ಅವಳ ಸೊಂಟ ಬಿದ್ದುಹೋಗಿತ್ತು, ಇದೊಂದು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಚುರುಕಾದ ಹೆಂಗಸು, ಮೂರೇ ವಾರಕ್ಕೆ ಹತ್ತಕ್ಕೆ ಹತ್ತು ತೆಗೆದಳು.

ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. "ಭೇಷ್! ಅಂದಹಾಗೆ, ಪ್ಯಾಸೇಜಿನ ಆ ಮುದುಕಿ ಯಾಕಮ್ಮ ಊರು ಬಿಟ್ಟಳು?" ಎಂದು ಸುಮ್ಮನೆ ಕೇಳಿದರು.

"ಯಾವ ಮುದುಕಿರಿ ಸರ? ಇದರಾಗ ಮುದುಕಿ ಅದಾಳೇನು?"

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಂದು ಲೋಕಲ್ ರೈಲು ಹತ್ತದೆ ಸಯನ್‌ನ ಮನೆ ತನಕ ನಡೆದೇ ಹೋದರು. ನಾಚಿಕೆಯಾಗಿತ್ತು ಅವರಿಗೆ, ಮುಚ್ಚಿಡುವುದೇಕೆ.

ಮುಂದಿನ ವಾರ ಅವಳು ಓದಿ ಮುಗಿಸುತ್ತಲೇ ಹಾಳೆಯನ್ನು ಮಗುಚಿ ಹಾಕಿಸಿ, "ಈಗ ನಿನ್ನ ಮಾತಲ್ಲಿ ಹೇಳು" ಎಂದರು. ಹತ್ತಿದ್ದ ಅಂಕ ನಾಲ್ಕಕ್ಕಿಳಿಯಿತು. ದಾನೇಶ್ವರಿಗೆ ಸಿಟ್ಟು ನೆತ್ತಿಗೇರಿತು.

"ಸರಳ ನಡದಿತ್ತು, ಯಾಕ ಕೆಡಸಾಕತ್ತೀರಿ ಸರ? ಪರೀಕ್ಷಾ ನಿಮ್ಮದಲ್ಲ, ನಂದು!"

"ತಪ್ಪು ಕಲಿಸಿದ್ದು ನಾನು ಕಣಮ್ಮ. ಇನ್ನೂ ನಾಲ್ಕು ಭಾನುವಾರ ಇದೆ. ಬೈಕೊಂಡೇ ಓದು."

ಬೈದುಕೊಂಡೇ ಓದಿದಳು. ಪರೀಕ್ಷೆ ಮುಗಿಸಿದ ದಿನ ನೇರ ಸಂಘಕ್ಕೇ ಬಂದಳು.

"ನೆಲ ಒರಸೂ ಈ ಎರಡು ಕೆಮಿಕಲ್ ಕೂಡಿಸಬ್ಯಾಡ್ರಿ, ಕೆಟ್ಟ ಹೊಗಿ ಏಳ್ತದ ಅಂತ ಹಾಳ್ಯಾಗ ಇತ್ರಿ ಸರ. ನಾವು ಹನ್ನೊಂದು ವರ್ಷದಿಂದ ಎರಡೂ ಒಂದ ಬಕೀಟಿಗೆ ಸುರವಾಕತ್ತೀವಿ ಅಂತ ಪರೀಕ್ಷಾ ತಗೊಂಡ ಸಾಹೇಬರಿಗೆ ಅಂದೆ. ಅವರೂ ಗಾಬರಿ ಆದ್ರು. ಡಬ್ಬಿ ಮ್ಯಾಲೂ ಅದನ್ನ ಬರದಾರಂತ, ಓದಿದವರು ಯಾರೂ ಇಲ್ಲ."

"ಕೆಲಸ ಸಿಕ್ಕಿತೇನಮ್ಮ?"

"ಸಿಕ್ತ್ರಿ! ನಾಳಿಂದ ಎಲ್ಲಾರಿಗೂ ಓದಿ ಹೇಳೂದ ನನ್ನ ಕೆಲಸ."

ಭೇಷ್ ಎಂದು ಮೇಷ್ಟ್ರು ಮನಸಾರೆ ನಕ್ಕರು. ಮರುಕ್ಷಣವೇ, ಮೂವತ್ತೈದು ವರ್ಷಗಳಲ್ಲಿ ತಾವು ಕಲಿಸಿದ, ಹತ್ತಕ್ಕೆ ಹತ್ತು ತೆಗೆದ ಮಕ್ಕಳೆಲ್ಲ ಈ ಊರಿನಲ್ಲಿ ಎಲ್ಲೆಲ್ಲಿ ಕೂತು, ಏನು ಬರೆದಿದೆಯೆಂದು ತಿಳಿಯದೆ, ಯಾವ ಯಾವ ಹಾಳೆಗೆ ಸಹಿ ಹಾಕುತ್ತಿದ್ದಾರೋ ಎಂಬ ಯೋಚನೆ ಅವರನ್ನು ಹಿಡಿಯಿತು.