ತಪ್ಪಕ್ಕನ ಹೆಸರು ಹೊಡೆಯುವುದಿಲ್ಲ

ನಮ್ಮ ಕ್ರೈಸ್ತ ದೇವಾಲಯದ ಸಭಾಂಗಣದಲ್ಲಿ 'ನಮ್ಮ ಆದರ್ಶ ಹಿರಿಯರು' ಎಂಬ ಹಲಗೆಯ ಕೆಳಗೆ ಹನ್ನೊಂದು ಭಾವಚಿತ್ರಗಳಿವೆ. ಹನ್ನೊಂದರಲ್ಲೂ ಕೋಟು. ತಪ್ಪಕ್ಕನ ಚಿತ್ರ ಅಲ್ಲಿಲ್ಲ, ಮುಂದೆ ಬರುವುದೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಾರಿಗಾದರೂ ಮುಖ ಸಿಂಡರಿಸಬೇಕೆನಿಸಿದರೆ ಧಾರಾಳವಾಗಿ ಸಿಂಡರಿಸಲಿ.

ತಪ್ಪಕ್ಕ ಒಂದು ಸಣ್ಣ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವರು. ಮೂವತ್ತು ವರ್ಷ ಒಂದೇ ಕುರ್ಚಿ; ಅದರ ಒಂದು ಕಾಲಿನ ಕೆಳಗೆ ಮಡಚಿಟ್ಟ ರಟ್ಟು. ಎದುರಿಗೆ ಕಂಪೋಸ್ ಮಾಡುವವಳ ಕಂಪ್ಯೂಟರು, ಗೋಡೆಯಾಚೆ ಯಂತ್ರದ ಸದ್ದು, ಎಲ್ಲೆಲ್ಲೂ ಮಸಿಯ ವಾಸನೆ. ಅವರು ಬೇರೆಯವರ ಹಾಗೆ ಮೊದಲಿನಿಂದ ಓದುತ್ತಿರಲಿಲ್ಲ. ಪುಟದ ಕೊನೆಯ ಪದದಿಂದ ಶುರುಮಾಡಿ ಮೇಲಕ್ಕೆ ಹತ್ತುತ್ತಿದ್ದರು. "ಮೊದಲಿಂದ ಓದಿದ್ರೆ ಮಾತು ಕೈಹಿಡಿದು ಎಳ್ಕೊಂಡು ಹೋಗುತ್ತೆ, ಕಣ್ಣು ತಪ್ಪನ್ನ ನುಂಗಿಬಿಡುತ್ತೆ" ಎನ್ನುತ್ತಿದ್ದರು. ಪ್ರಾರ್ಥನೆಯಲ್ಲಿ ಯಾರಾದರೂ 'ಹ'ಕಾರ ನುಂಗಿದರೂ ಸಾಕು, ಅವರ ಬೆರಳು ಬೆಂಚಿನ ಮೇಲೆ ತಾನಾಗಿಯೇ, ಕರಡಿನ ತಪ್ಪಿಗೆ ಸುತ್ತುವ ಹಾಗೆ, ಸೊನ್ನೆ ಸುತ್ತುತ್ತಿತ್ತು. ಹೆಸರು ಬಂದದ್ದು ಹಾಗೆ.

ಆಗ ನನಗೆ ಹದಿನೇಳು. ಆ ವರ್ಷ ಸಭೆಯ ಎದುರು ನಂಬಿಕೆಯನ್ನು ಒಪ್ಪಿಕೊಳ್ಳುವ ದೃಢೀಕರಣ ಪಡೆದು, ರೊಟ್ಟಿ, ದ್ರಾಕ್ಷಾರಸದ ಕರ್ತನ ಭೋಜನಕ್ಕೆ ಮೊದಲ ಸಲ ಮುಂದೆ ಹೋಗಬೇಕಿತ್ತು. ಅದಕ್ಕೆ ನಮ್ಮ ಸಭೆಯಲ್ಲಿ ಒಂದು ಅರ್ಜಿ: ನಂಬಿಕೆಯ ಬಾಳಿನಲ್ಲಿ ನಾನು ಅನುಸರಿಸುವ ಹಿರಿಯರು ಯಾರು, ಏಕೆ. ಆ ಹಿರಿಯರು ದೃಢೀಕರಣದ ದಿನ ನಮ್ಮ ಬೆನ್ನ ಹಿಂದೆ ನಿಲ್ಲಬೇಕು. ಆದರೆ ಅಚ್ಚಾಗಿ ಬಂದ ಅರ್ಜಿಯಲ್ಲಿ 'ಅನುಸರಿಸುವ' ಹೋಗಿ 'ಅನುಕರಿಸುವ' ಆಗಿತ್ತು. ನಮಗೆ ಅಷ್ಟೇ ಸಾಕಾಯಿತು. ನಮ್ಮ ಜೊತೆಗಿದ್ದ ಡ್ರೈವರನ ಮಗ ದೃಢೀಕರಣದ ತರಗತಿಯಲ್ಲೇ ಎದ್ದು ನಿಂತು, ಎರಡು ಸಲ ಗಂಟಲು ಕೆರೆದು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಪ್ರಿಯರೇ, ಸಮಯದ ಅಭಾವದಿಂದ ಎರಡೇ ಮಾತು..." ಎಂದು ಉದ್ದದ ಭಾಷಣ ಶುರುಮಾಡಿದ. ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಹಾಗೆ, ಬಾಗಿಲಲ್ಲಿ ನಿಂತಿದ್ದ ಸಭೆಯ ಕಾರ್ಯದರ್ಶಿಯ ಮುಖ ಕೆಂಪಾಯಿತು.

ಕಾರ್ಯದರ್ಶಿ ಅಂದೇ, ಗುರುವಾರ, ಅರ್ಜಿ ಅಚ್ಚಾಗಿದ್ದ ತಪ್ಪಕ್ಕನ ಪ್ರೆಸ್ಸಿಗೆ ಫೋನು ಮಾಡಿದರು. ಮಾಲೀಕ ಕಂಪೋಸಿನವಳನ್ನು ಎಲ್ಲರೆದುರು ಬೈದು, ಸೋಮವಾರದಿಂದ ಬರಬೇಡ ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಭಾನುವಾರ ಪ್ರಕಟಣೆಗಳ ಹೊತ್ತಿಗೆ ತಪ್ಪಕ್ಕ ಕೊನೆಯ ಬೆಂಚಿನಿಂದ ಎದ್ದು ಬಂದರು. ಕೈಯಲ್ಲಿ ಅರ್ಜಿಯ ಕರಡು ಹಾಳೆ ಇತ್ತು.

"ಅರ್ಜೀಲಿ 'ಸ' ಇರಬೇಕಾದ ಕಡೆ 'ಕ' ಬಿಟ್ಟವಳು ನಾನು. ಎರಡೂ ಸರಿಯಾದ ಪದಗಳೇ. ನಾನು ಹಿಂದಿನಿಂದ ಓದೋಳು, ಪದ ಸರಿ ಇದೆ ಅಂತ ದಾಟಿಬಿಟ್ಟೆ, ಅರ್ಥ ನೋಡಲಿಲ್ಲ. ಟೈಪ್ ಮಾಡೋರ ಬೆರಳು ಜಾರುತ್ತೆ, ಅದನ್ನ ಹಿಡಿಯೋಕೇ ನನ್ನನ್ನ ಕೂರಿಸಿರೋದು. ಇಲ್ಲಿ ನನ್ನ ಸಹಿ ಇದೆ. ಬೈಯೋದಿದ್ರೆ ನನ್ನನ್ನ ಬೈರಿ."

ಹಾಳೆಯನ್ನು ಕಾರ್ಯದರ್ಶಿಯ ಕೈಗೆ ಕೊಟ್ಟು ಹೋಗಿ ಕೂತರು. ಪ್ರತಿ ವಾರ ನಾವೆಲ್ಲ ಒಕ್ಕೊರಲಿನಿಂದ ಪಾಪಿಗಳು ಎಂದು ಹೇಳಿಕೊಳ್ಳುತ್ತೇವೆ, ಯಾರಿಗೂ ಏನೂ ಆಗುವುದಿಲ್ಲ. ಇಂಥ ತಪ್ಪು, ಇದು ನನ್ನದು ಎಂದು ಹೆಸರಿಟ್ಟು ಹೇಳಿದವರನ್ನು ನಾನು ಮೊದಲು ಕಂಡದ್ದು ಅಂದೇ. ಆ ಮಾತು ಮಾಲೀಕನಿಗೂ ಮುಟ್ಟಿ ಕಂಪೋಸಿನವಳ ಕೆಲಸ ಉಳಿಯಿತು. ನಾನು ಮನೆಗೆ ಹೋದವಳೇ ಅರ್ಜಿಯಲ್ಲಿ ತಪ್ಪಕ್ಕನ ಹೆಸರು ಬರೆದೆ.

ಅಮ್ಮ ತಲೆ ಚಚ್ಚಿಕೊಂಡಳು. "ಡಾಕ್ಟರಿದ್ದಾರೆ, ಹೆಡ್ಮಾಸ್ಟರಿದ್ದಾರೆ. ಹೋಗಿ ಹೋಗಿ ಆ ತಪ್ಪು ಬಿಟ್ಟವರ ಹೆಸರಾ? ಕಾರ್ಯದರ್ಶಿಗಳನ್ನ ಎದುರು ಹಾಕ್ಕೊಂಡು ಬಾಳೋಕಾಗುತ್ತೇನೇ?"

ಅರ್ಜಿಗೆ ಆ ಹಿರಿಯರ ಸಹಿಯೂ ಬೇಕಿತ್ತು; ಪ್ರೆಸ್ಸಿಗೆ ಹೋದೆ. ತಪ್ಪಕ್ಕ ಅರ್ಜಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ, ಒಂದು ಕಡೆ ದೀರ್ಘ ಹಾಕಿ, ವಾಪಸ್ಸು ತಳ್ಳಿದರು.

"ಇದು ಪೂರ್ತಿ ಆಗಿಲ್ಲ ಮಗಳೇ. ನಾನು ಒಪ್ಪಿಕೊಂಡಿದ್ದು ಭಾನುವಾರ. ಅವಳನ್ನ ಬೈದಿದ್ದು ಗುರುವಾರ. ಮೂರು ದಿನ ಅವಳು ಇದೇ ಕೋಣೇಲಿ ಅಳ್ತಿದ್ಲು, ನಾನು ಪೆನ್ನು ಹಿಡ್ಕೊಂಡು ಸುಮ್ಮನೆ ಕೂತಿದ್ದೆ. ಕೆಲಸ ಹೋಗುತ್ತೇನೋ ಅನ್ನೋ ಹೆದರಿಕೆ. ಅದನ್ನೂ ಬರಿ, ಆಮೇಲೆ ಸಹಿ."

ನನಗೆ ಸಿಟ್ಟೇ ಬಂತು. ನಾನು ಆರಿಸಿಕೊಂಡವರು ನನ್ನೆದುರೇ ಸಣ್ಣವರಾಗುತ್ತಿದ್ದರು. ಆದರೂ ಬರೆದೆ. ಬರೆಯುತ್ತ ಬರೆಯುತ್ತ, ಹಾಗೆ ಹೇಳಿಕೊಟ್ಟವರು ಇನ್ನೊಬ್ಬರಿಲ್ಲ ಅನ್ನಿಸಿತು. ಅವರು ಸಹಿ ಹಾಕಿದರು.

ಸಮಿತಿಯ ಮುಂದೆ ಕಾರ್ಯದರ್ಶಿ ಅದನ್ನು ಗಟ್ಟಿಯಾಗಿ ಓದಿದರು. "ಮೂರು ದಿನ ಬಾಯಿ ಮುಚ್ಕೊಂಡಿದ್ದೋರು ಆದರ್ಶವೇನಮ್ಮ? ಅವರೇ ಒಪ್ಪಿಕೊಂಡಿದ್ದಾರಲ್ಲ. ಈ ಹೆಸರು ಹೊಡೆದುಹಾಕಿ ಬೇರೆ ಬರಿ."

ಅವರ ತಲೆಯ ಮೇಲೆ, ಗೋಡೆಯಲ್ಲಿ, ಬೀಗದ ಕೈ ಹಿಡಿದ, ಯೇಸುವಿನ ಶಿಷ್ಯ ಪೇತ್ರನ ಚಿತ್ರವಿತ್ತು. ನಮ್ಮ ದೇವಾಲಯಕ್ಕೆ ಆತನದೇ ಹೆಸರು.

"ಕೋಳಿ ಕೂಗೋದರೊಳಗೆ ಮೂರು ಸಲ ಯೇಸುವನ್ನ ಗೊತ್ತೇ ಇಲ್ಲ ಅಂದವರ ಹೆಸರು ಹೊರಗಡೆ ಬೋರ್ಡಿನ ಮೇಲಿದೆ" ಎಂದೆ. "ಮೊದಲು ಅದನ್ನ ಹೊಡೆಯಿರಿ, ಆಮೇಲೆ ನಾನು ಇದನ್ನ ಹೊಡೀತೀನಿ."

ನಮ್ಮ ಪಾಸ್ಟರ್ ಒಳ್ಳೆಯ ಮನುಷ್ಯ, ಆದರೆ ಕಾರ್ಯದರ್ಶಿ ಕೆಮ್ಮಿದರೆ ಅವರಿಗೆ ನೆಗಡಿಯಾಗುತ್ತಿತ್ತು. ನನ್ನನ್ನು ಮುಂದಿನ ವರ್ಷಕ್ಕೆ ತಳ್ಳಿದರು.

ನನ್ನ ಜೊತೆಯವರು ಮೊದಲ ಸಲ ಕರ್ತನ ಭೋಜನಕ್ಕೆ ಹೋದ ಭಾನುವಾರ ನಾನು ಬೆಂಚಿನಲ್ಲೇ ಉಳಿದೆ. ಡ್ರೈವರನ ಮಗನೂ ಹೋದ, ಹೆಡ್ಮಾಸ್ಟರರನ್ನು ಬೆನ್ನ ಹಿಂದೆ ಇಟ್ಟುಕೊಂಡು. ಆಗ ಯಾರೋ ಪಕ್ಕಕ್ಕೆ ಸರಿದು ಬಂದು ಕೂತರು. ತಪ್ಪಕ್ಕ.

"ನೀವು ಹೋಗಿ ಅಕ್ಕ" ಎಂದೆ.

"ನಿನ್ನನ್ನ ಕರೆಯೋವರೆಗೂ ನಾನೂ ಇಲ್ಲೇ."

"ಅದು ತಪ್ಪಲ್ವಾ?"

"ಇರಬಹುದು. ತಪ್ಪಾದ್ರೆ ನನ್ನದೇ."

ಒಂದು ವರ್ಷ, ಪ್ರತಿ ತಿಂಗಳ ಮೊದಲ ಭಾನುವಾರ, ಇಡೀ ಸಭೆ ಎದ್ದು ಮುಂದೆ ಹೋಗುವಾಗ ನಾವಿಬ್ಬರು ಕೂತಿದ್ದೆವು. ಅವರು ಒಮ್ಮೆಯೂ ಯಾರನ್ನೂ ದೂರಲಿಲ್ಲ. ಬೆಂಚಿನ ಮೇಲೆ ಸೊನ್ನೆ ಕೂಡ ಸುತ್ತಲಿಲ್ಲ. ಒಂಬತ್ತನೆಯ ತಿಂಗಳಲ್ಲಿ ಅಮ್ಮ ಅರ್ಧ ದಾರಿ ಹೋದವಳು ತಿರುಗಿ ಬಂದು ನಮ್ಮ ಪಕ್ಕ ಕೂತಳು. ಹತ್ತನೆಯ ತಿಂಗಳಲ್ಲಿ ಕಂಪೋಸಿನವಳು. ಪಾಸ್ಟರ್ ರೊಟ್ಟಿ ಹಿಡಿದು ನಮ್ಮ ಬೆಂಚಿನತ್ತ ನೋಡುವುದನ್ನೇ ಬಿಟ್ಟರು.

ಮರುವರ್ಷ ಅರ್ಜಿ ಸರಿಯಾಗಿ ಅಚ್ಚಾಗಿ ಬಂತು. ಅದೇ ಹೆಸರು, ಅದೇ ಮಾತು, ಆ ಮೂರು ದಿನವೂ ಸೇರಿ ಬರೆದೆ. ಕಾರ್ಯದರ್ಶಿ ಗಂಟಲು ಕೆರೆಯುವಷ್ಟರಲ್ಲಿ ಪಾಸ್ಟರ್ ಸಹಿ ಹಾಕಿಯಾಗಿತ್ತು. ದೃಢೀಕರಣದ ದಿನ ನನ್ನ ಹೆಗಲ ಮೇಲೆ ತಪ್ಪಕ್ಕನ ಕೆಂಪು ಶಾಯಿಯ ಬೆರಳುಗಳಿದ್ದವು. ರೊಟ್ಟಿ ತೆಗೆದುಕೊಳ್ಳಲು ಇಬ್ಬರೂ ಒಟ್ಟಿಗೆ ಮುಂದೆ ಹೋದೆವು.

ಈಗ ಆ ಕುರ್ಚಿ ನನ್ನದು, ಕಾಲಿನ ಕೆಳಗೆ ಅದೇ ರಟ್ಟು. ಆ ತಪ್ಪಿನ ನಂತರ ಕೊನೆಯವರೆಗೂ ತಪ್ಪಕ್ಕ ಪ್ರೆಸ್ಸಿನ ಪ್ರತಿ ಕರಡನ್ನು ಎರಡು ಸಲ ಓದಿದರು, ಪದಕ್ಕಾಗಿ ಕೆಳಗಿನಿಂದ, ಅರ್ಥಕ್ಕಾಗಿ ಮೇಲಿನಿಂದ. ನಾನೂ ಇದನ್ನು ಹಾಗೆಯೇ ಓದಿದ್ದೇನೆ. ತಪ್ಪು ಉಳಿದಿದ್ದರೆ ನನ್ನದು. ಆ ಹೆಸರು ಮಾತ್ರ ತಪ್ಪಲ್ಲ, ಅದನ್ನು ಹೊಡೆಯುವುದಿಲ್ಲ.