ಓಣಿಯಲ್ಲಿ ಹೂಬಿಟ್ಟ ಶ್ರೀತಾಳೆ

ಹೋದ ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ನಾನು ಚಾಮರಾಜಪೇಟೆಯಲ್ಲಿ, ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರು ಒಂದು ಕಾಲಕ್ಕೆ ಬಾಡಿಗೆಗಿದ್ದ ಮನೆಯ ಹಿಂದಿನ ಓಣಿಯಲ್ಲಿ ನಿಂತಿದ್ದೆ. ಮೊದಲು ಬಂದದ್ದು ವಾಸನೆ. ಹುಳಿ ಬಂದ ಮಜ್ಜಿಗೆಯಂಥದು. ಅದನ್ನು ನಾನು ಬದುಕಿನಲ್ಲಿ ಒಂದೇ ಸಲ ಮೂಸಿದ್ದೆ... ತಲೆ ಎತ್ತಿದೆ. ಮೂರಂತಸ್ತಿನ ಮನೆಗಳಿಗಿಂತ ಎತ್ತರದಲ್ಲಿ, ಶ್ರೀತಾಳೆಯ ನೆತ್ತಿಯ ಮೇಲೆ, ಕೆನೆಬಣ್ಣದ ಹೂಗೊಂಚಲು ಇನ್ನೊಂದು ಮರದ ಹಾಗೆ ಎದ್ದು ನಿಂತಿತ್ತು. ಗೋಡೆ ಹಿಡಿದುಕೊಂಡೆ.

ಈ ಮರ ಹೂಬಿಡುವುದು ಜೀವಮಾನದಲ್ಲಿ ಒಂದೇ ಸಲ. ಕಾಯಿ ಉದುರಿಸಿ ತಾನೂ ಸಾಯುತ್ತದೆ. ಹಾಗೆಂದು ಪಾಠ ಮಾಡುತ್ತಿದ್ದ ಮೇಷ್ಟ್ರೇ ಅದರ ಹೂವನ್ನು ನೋಡಿರಲಿಲ್ಲ. ನಮ್ಮ ಡಿಗ್ರಿಯ ಕೊನೆಯ ವರ್ಷ, ಘಟ್ಟದ ಕಣಿವೆಯೊಂದರಲ್ಲಿ ಹೂ ಬಂದಿದೆಯೆಂದು ಯಾರೋ ಕಾಗದ ಬರೆದರು. ಮೇಷ್ಟ್ರು ನಾಲ್ವರು ವಿದ್ಯಾರ್ಥಿಗಳಾದ ನಮ್ಮನ್ನು ಕಟ್ಟಿಕೊಂಡು ಅಂದೇ ಹೊರಟರು.

ಕಣಿವೆಯಲ್ಲಿ ಹದಿನೇಳು ಶ್ರೀತಾಳೆಗಳಿದ್ದವು. ಎರಡು ಸಲ ಎಣಿಸಿದ್ದೇನೆ. ಎಲ್ಲ ಮರಗಳ ತಲೆಯೂ ಮಂಜಿನ ಮೇಲಿತ್ತು. ಒಂದರಲ್ಲಿ ಮಾತ್ರ ಹೂ. ಮೇಷ್ಟ್ರು ಚಪ್ಪಲಿ ಕೈಯಲ್ಲಿ ಹಿಡಿದು ಗದ್ದೆಯ ಬದುವಿನ ಮೇಲೆ ಓಡಿದರು. ಮರದ ಬುಡದಲ್ಲಿ ಕೊಡಲಿ ಹಿಡಿದ ಇಬ್ಬರು ಆಳುಗಳು, ಜೊತೆಗೆ ಆ ಜಾಗದ ಒಡತಿಯಾದ ಮುದುಕಿ. ಶ್ರೀತಾಳೆ ಹೂಬಿಟ್ಟರೆ ಊರಿಗೆ ಕೇಡು, ಅರಳಿದೊಡನೆ ಕಡಿಯಬೇಕು. ಅದು ಅಲ್ಲಿಯ ಪದ್ಧತಿ.

"ಅಮ್ಮಾ, ಒಂದೇ ಒಂದು ವರ್ಷ ಬಿಡಿ. ಕಾಯಿ ಉದುರ್ಲಿ. ಆಮೇಲೆ ಅದೇ ಸಾಯುತ್ತೆ."

"ಹೌದು, ನೀವು ಬಸ್ಸು ಹತ್ತಿ ಹೋಗ್ತೀರಿ. ಕೇಡು ಯಾರ ತಲೆಗೆ ಮೇಷ್ಟ್ರೇ?"

"ನನ್ನ ತಲೆಗೆ."

ಆಕೆ ಅಷ್ಟಕ್ಕೇ ಬಿಡಲಿಲ್ಲ. ಚೊಂಬು ತರಿಸಿ ಅವರ ಬೊಗಸೆಗೆ ನೀರು ಸುರಿದು, ಅದೇ ಮಾತನ್ನು ಮೂರು ಸಲ ಹೇಳಿಸಿ, ನೀರನ್ನು ಬುಡಕ್ಕೆ ಬಿಡಿಸಿದಳು. ಆಳುಗಳು ಕೊಡಲಿ ಕೆಳಗಿಟ್ಟರು.

ವಾಪಸು ಇಳಿಯುವಾಗ ಮೇಷ್ಟ್ರು ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿ ಎಡಗಾಲು ಮುರಿದುಕೊಂಡರು. ನಾವು ಬೆಚ್ಚಿ ನಿಂತೆವು. ಅವರು ಬಿದ್ದಲ್ಲಿಂದಲೇ ನಗುತ್ತ, "ಮುಗೀತು ಕಣ್ರೋ ಕೇಡು! ಇಷ್ಟೇನಾ?" ಎಂದರು. ಮರುವರ್ಷ ಕುಂಟುತ್ತಲೇ ಹೋಗಿ ಕಾಯಿ ಆರಿಸಿ ತಂದರು. ಒಂದನ್ನು ಈ ಓಣಿಯಲ್ಲಿ ನೆಟ್ಟರು. ಆ ಕುಂಟು ಕೊನೆಯವರೆಗೂ ಹೋಗಲಿಲ್ಲ. ನೆಟ್ಟ ಗಿಡ ಅವರ ಎದೆಮಟ್ಟ ಬರುವ ಹೊತ್ತಿಗೆ ಅವರೇ...

ಭಾನುವಾರ ನಾನು ಗೋಡೆ ಹಿಡಿದು ನಿಂತಿದ್ದಾಗ ಎದುರುಮನೆಯವರು ಹೊರಬಂದರು. "ನೋಡಿದ್ರಾ ಸಾರ್? ಇದು ಹೂ ಬಿಟ್ರೆ ಮನೆಗಳಿಗೆ ಆಗ್ಬರಲ್ವಂತೆ, ವಾಟ್ಸಾಪಲ್ಲಿ ಬಂದಿದೆ. ನಾಳೆನೇ ಕಡಿಸ್ಬಿಡೋಣ ಅಂತಿದೀವಿ."

"ಒಂದು ವರ್ಷ ಬಿಡಿ," ಎಂದೆ. "ಕೇಡು ನನ್ನ ತಲೆಗೆ."

ಅವರು ನಕ್ಕರು. ನಾನು ನಗಲಿಲ್ಲ. ಅವರ ಮನೆಯ ಹೊರಗಿನ ನಲ್ಲಿ ತಿರುಗಿಸಿ ಬೊಗಸೆ ತುಂಬಿಕೊಂಡೆ. ಮೂರು ಸಲ ಹೇಳಿ ನೀರನ್ನು ಬುಡಕ್ಕೆ ಬಿಟ್ಟೆ. "ಆಯ್ತು ಬಿಡಿ ಸಾರ್, ಕಾಯಿ ಉದುರೋವರ್ಗೂ ಮುಟ್ಟಲ್ಲ," ಎಂದರು ಅವರು.

ಮೇಷ್ಟ್ರು ಇಲ್ಲ. ಇನ್ನೊಂದು ವರ್ಷಕ್ಕೆ ಈ ಮರವೂ ಇರುವುದಿಲ್ಲ. ಕಣಿವೆಯಲ್ಲಿ ಅವರ ಬೊಗಸೆಯ ನೀರನ್ನು ಕಂಡ ನಾಲ್ವರಲ್ಲಿ ಈಗ ಬದುಕಿರುವುದು ಇಬ್ಬರೇ: ನಾನು, ಮತ್ತೆ ಮಲ್ಲೇಶ್ವರದಲ್ಲಿರುವ ನನ್ನ ಸಹಪಾಠಿ. ಓಣಿಯಿಂದಲೇ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮೂಗೆಳೆದುಕೊಳ್ಳುತ್ತ ಅಂದಳು:

"ಅಲ್ಲೇ ಇರೋ, ಬರ್ತಿದೀನಿ. ಕಾಲು ಹುಷಾರು."