‘ಅವರು’ ಅಂದರೆ ಯಾರು?

ನಮ್ಮತ್ತೆಗೆ ಗೂಢಚಾರರ ಧಾರಾವಾಹಿ ಎಂದರೆ ಪ್ರಾಣ. ಅತ್ತೆ–ಸೊಸೆ ಜಗಳದ ಧಾರಾವಾಹಿ ಹಾಕಿಕೊಡಲೇ ಎಂದರೆ, “ಅದಕ್ಕೆ ಕರೆಂಟ್ ಯಾಕೆ ಸುಡಬೇಕು, ಮನೇಲೇ ಇದೆಯಲ್ಲ” ಎಂದು ನನ್ನ ಮುಖವನ್ನೇ ನೋಡುತ್ತಾರೆ. ಕತ್ತಲೆ ಓಣಿಯಲ್ಲಿ ಯಾರೋ ಕಾಲರ್ ಎತ್ತಿಕೊಂಡು ನಡೆಯಬೇಕು, ಯಾರೋ ಕಿಟಕಿಯ ಪರದೆ ಸರಿಸಬೇಕು. ಆಗ ನೋಡಿ, ಮಂಡಿನೋವು ಗಿಂಡಿನೋವು ಎಲ್ಲ ಮಾಯ.

ಮದುವೆಗೆ ಮುಂಚಿನಿಂದಲೂ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಉದ್ದ ಹಲಗೆಯ ಮುಂದೆ ಸಾಲಾಗಿ ಕೂತ ಹೆಂಗಸರು, ತಲೆಗೆ ಹೆಡ್‌ಫೋನು, ಕೈಯಲ್ಲಿ ವೈರು. ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸಿದರೆ ಊರಿನ ಈ ಮೂಲೆಯವರು ಆ ಮೂಲೆಯವರ ಜತೆ ಮಾತಾಡಬಹುದಿತ್ತು. ಆಪರೇಟರು ಮಾತ್ರ ಆ ಮಾತು ಕೇಳಿಸಿಕೊಳ್ಳುವಂತಿರಲಿಲ್ಲ. “ನೀವು ಕೇಳಿಸ್ಕೊಳ್ತಿದ್ರಾ?” ಎಂದು ಒಮ್ಮೆ ಕೇಳಿದ್ದೆ. “ಕಿವಿ ಇದ್ದಮೇಲೆ ಕೇಳಿಸದೇ ಇರುತ್ತಾ? ಆದ್ರೆ ಒಂದು ಮಾತು ಆಚೆ ಬಿಡ್ತಿರಲಿಲ್ಲ. ಅದು ನಮ್ಮ ಗತ್ತು” ಎಂದು ಕತ್ತು ನೆಟ್ಟಗೆ ಮಾಡಿದರು.

ಅತ್ತೆಯ ಬೀದಿಗೆ ಮೊದಲು ಟೀವಿ ಬಂದದ್ದೂ ಅವರ ಮನೆಗೇ. ಆಗಿನ ಗೂಢಚಾರ ಹೊರಗಿನವನು. ಕಪ್ಪು ಕನ್ನಡಕ, ಉದ್ದ ಕೋಟು ಹಾಕಿಕೊಂಡು ಗಡಿ ದಾಟಿ ಬರುತ್ತಿದ್ದ. ನಾಯಕ “ಅವರು ಬಂದಿದ್ದಾರೆ” ಎಂದರೆ ಸಾಕು, ಕೂತವರೆಲ್ಲ ಬಾಗಿಲ ಕಡೆ ತಿರುಗುತ್ತಿದ್ದರಂತೆ. ಹೆಂಗಸರಿಗೆ ಅದರಲ್ಲಿ ಇದ್ದದ್ದು ಟ್ರೇ ಹಿಡಿದು ಬರುವ ಕೆಲಸ, ಇಲ್ಲವೇ ಕುರ್ಚಿಗೆ ಕಟ್ಟಿಸಿಕೊಂಡು ಕಿರುಚುವ ಕೆಲಸ. ಅದೇ ಸಮಯಕ್ಕೆ ಅತ್ತೆಯ ಮನೆ ಮಹಡಿಗೆ ಒಬ್ಬ ಗಡಿಯಾರ ರಿಪೇರಿಯವನು ಬಾಡಿಗೆಗೆ ಬಂದ. ಮಾತಿನ ಧಾಟಿ ಬೇರೆ, ಊರು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದ, ರೇಡಿಯೋ ಸಣ್ಣಗೆ ಹಾಕಿಕೊಳ್ಳುತ್ತಿದ್ದ. ಇನ್ನೇನು ಬೇಕು! ಬೀದಿಗೆ ಬೀದಿಯೇ ಮೈಯೆಲ್ಲ ಕಣ್ಣಾಗಿ ಅವನನ್ನು ಕಾಯತೊಡಗಿತು. ಯಾರೂ ಗಡಿಯಾರ ಕೊಡಲಿಲ್ಲ, ಯಾರೂ ಮಾತಾಡಿಸಲಿಲ್ಲ. ಆಸಾಮಿ ಬೇಸತ್ತು ಮನೆ ಖಾಲಿ ಮಾಡಿದ. “ಪಾಪ, ಅವನ ರೇಡಿಯೋದಲ್ಲಿ ಬರ್ತಿದ್ದದ್ದು ಬರೀ ಹಾಡು ಕಣೇ” ಎಂದು ಅತ್ತೆ ಈಗ ಲೊಚಗುಟ್ಟುತ್ತಾರೆ. ಈಗ ಲೊಚಗುಟ್ಟಿ ಏನು ಬಂತು?

ಬಣ್ಣದ ಟೀವಿ ಬರುವ ಹೊತ್ತಿಗೆ ಕೋಟಿನವನು ಕಾಣೆಯಾಗಿದ್ದ. ಆಗ ದ್ರೋಹಿ ಎಂದರೆ ನಮ್ಮದೇ ಆಫೀಸಿನಲ್ಲಿ ಟೈ ಕಟ್ಟಿಕೊಂಡು ಕೂತ ಮೇಲಧಿಕಾರಿ, ಅಥವಾ ನಗುನಗುತ್ತಾ ಫೈಲಿನ ಫೋಟೋ ಹೊಡೆಯುವ ಟೈಪಿಸ್ಟು. “ಅವರು ನಮ್ಮೊಳಗೇ ಇದ್ದಾರೆ” ಎಂಬುದು ಆಗಿನ ಮಾತು. ಎಕ್ಸ್‌ಚೇಂಜಿಗೂ ಆಗಲೇ ತಾನಾಗಿ ಲೈನು ಕೊಡುವ ಯಂತ್ರ ಬಂತು. ಆಪರೇಟರುಗಳಲ್ಲಿ ಯಾರು ಉಳಿಯುತ್ತಾರೆ, ಯಾರಿಗೆ ಗೇಟು ಪಾಸು ಎಂಬ ಗುಸುಗುಸು. ಹೆಂಗಸರು ಊಟದ ಕೋಣೆಯಲ್ಲಿ ಆಡಿದ ಮಾತನ್ನೆಲ್ಲ ಯಾರೋ ಸಾಹೇಬರ ಕಿವಿಗೆ ಊದುತ್ತಿದ್ದರು. ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದ ಗೆಳತಿಯ ಮೇಲೆ ಅತ್ತೆಗೆ ಅನುಮಾನ, ಅವಳಿಗೆ ಅತ್ತೆಯ ಮೇಲೆ. ಇವತ್ತಿಗೂ ಇಬ್ಬರೂ ಮಾರ್ಕೆಟ್ಟಿನಲ್ಲಿ ಎದುರಾದರೆ ತರಕಾರಿ ನೋಡುವವರ ಹಾಗೆ ಮುಖ ತಿರುಗಿಸುತ್ತಾರೆ. ಚಾಡಿ ಹೇಳಿದವರು ಯಾರೆಂದು ಇಬ್ಬರಿಗೂ ಗೊತ್ತಿಲ್ಲ.

ಈಗಿನ ಧಾರಾವಾಹಿಯಲ್ಲಿ ಗೂಢಚಾರಿಣಿ ಎರಡು ಮಕ್ಕಳ ತಾಯಿ. ಮಗುವಿನ ಶಾಲೆ ಚೀಲದ ಜಿಪ್ಪು ಎಳೆದು, ಅದೇ ಕೈಯಲ್ಲಿ ಪಿಸ್ತೂಲು ತೆಗೆಯುತ್ತಾಳೆ. ಅವಳ ಮೇಲಧಿಕಾರಿಯೂ ಹೆಂಗಸೇ, ಗಂಡನನ್ನು ಬಿಟ್ಟವಳು. ಅತ್ತೆಗೆ ಅವಳನ್ನು ಕಂಡರೆ ಭಾರಿ ಇಷ್ಟ. “ಒಂಟಿ ಹೆಂಗಸು, ಹ್ಯಾಗೆ ಗಂಡಸರನ್ನೆಲ್ಲ ಬೆರಳ ತುದೀಲಿ ಕುಣಿಸ್ತಾಳೆ ನೋಡು!” ಎನ್ನುತ್ತಾರೆ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಟೀವಿಯಲ್ಲಿ ಗಂಡನನ್ನು ಬಿಟ್ಟವಳಿಗೆ ಶಹಬಾಸ್. ನನ್ನ ತಂಗಿ ಬಿಟ್ಟರೆ?

ಹೋದ ವರ್ಷ ತಂಗಿ ಗಂಡನ ಮನೆಯಿಂದ ಹೊರಬಂದಳು. ನಮ್ಮ ಮನೆಯವರು ಅಂದೇ ಕಡ್ಡಿ ಮುರಿದ ಹಾಗೆ ಹೇಳಿದರು: “ಅವಳು ಈ ಹೊಸ್ತಿಲು ತುಳೀಬಾರದು, ನೀನೂ ಆ ಕಡೆ ತಲೆ ಹಾಕಬಾರದು.” ಅತ್ತೆ ತುಟಿ ಬಿಚ್ಚಲಿಲ್ಲ. ಹಳೇ ಟಾಕೀಸಿನ ಹಿಂದಿನ ಬೀದಿಯಲ್ಲಿ ತಂಗಿಗೆ ಒಂದೇ ಕೋಣೆಯ ಮನೆ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲೇ ಬಸ್ಸಿಳಿದರೆ ಸಿಗುತ್ತದೆ. ಸ್ವಲ್ಪ ಹೊತ್ತು ಅವಳ ಜತೆ ಕೂತು, ಅವಳ ಮುಖದಲ್ಲಿ ನಗು ನೋಡಿ ಬರುತ್ತಿದ್ದೆ. ಅವಳಿಗೆ ನಾನು ಬಿಟ್ಟರೆ ಬಂದು ಕದ ತಟ್ಟುವವರು ಇಲ್ಲ. ಇದೊಂದು ತಪ್ಪಿದರೆ ಅವಳೂ ಕೆಟ್ಟಳು, ನಾನೂ ಕೆಟ್ಟೆ.

ಒಂದು ದಿನ ಊಟಕ್ಕೆ ಕೂತಾಗ ಇವರು ತಟ್ಟೆಯಿಂದ ತಲೆ ಎತ್ತದೆ, “ಹಳೇ ಟಾಕೀಸಿನ ಕಡೆ ಏನು ಕೆಲಸ ಇತ್ತು?” ಎಂದರು. ಗಿರಾಕಿಗೆ ಕನ್ನಡಕ ಕೊಡುವುದಿತ್ತು ಎಂದು ಒಂದು ಸುಳ್ಳು ಬಿಟ್ಟೆ. ಮುಂದಿನ ವಾರ, “ಕನ್ನಡಕ ಕೊಡೋಕೆ ಅಷ್ಟು ಹೊತ್ತು ಬೇಕಾ?” ಎಂದರು.

ಯಾರು ಹೇಳುತ್ತಿದ್ದಾರೆ? ಈ ಮನೆಯಲ್ಲಿ ಹಗಲೆಲ್ಲ ಕಿಟಕಿ ಪಕ್ಕ ಕೂತಿರುವವರು ಯಾರು? ನಾನು ಗೇಟು ತೆಗೆಯುತ್ತಿದ್ದ ಹಾಗೇ ಗಡಿಯಾರ ನೋಡುವವರು ಯಾರು? ಒಮ್ಮೆ ನಾನು ಬರುವಾಗ ಅತ್ತೆಯ ಚಪ್ಪಲಿಗೆ ಹಸಿ ಮಣ್ಣು ಮೆತ್ತಿತ್ತು. ಹಿಂಬಾಲಿಸುವ ವಿದ್ಯೆಯಲ್ಲಿ ಅವರಿಗೆ ಟೀವಿ ಆಯುಷ್ಯವಿಡೀ ಪಾಠ ಹೇಳಿದೆ. ನನಗೆ ಬೇರೆ ಸಾಕ್ಷಿ ಬೇಕೆನಿಸಲಿಲ್ಲ.

ಹುರುಳಿಕಾಯಿ ಸೋಸುತ್ತಿದ್ದಾಗ ನೇರವಾಗಿ ಕೇಳಿಯೇಬಿಟ್ಟೆ. “ಅತ್ತೆ, ಅವರಿಗೆ ಹೇಳ್ತಿರೋದು ಯಾರು?”

“ಯಾವ ಅವರಿಗೆ?”

“ಅವರಿಗೆ, ಅತ್ತೆ!”

“ಗಡಿ ಆಚೆಯವರಿಗಾ, ಆಫೀಸಿನವರಿಗಾ?”

ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ, ‘ಅವರು’ ಅಂದರೆ ಇವರೇ ಎಂದು ಅತ್ತೆಗೆ ಗೊತ್ತಿಲ್ಲವೇ? ತಮಾಷೆ ಮಾಡುತ್ತಿದ್ದಾರೆ ಎಂದು ರೇಗಿತು. ಅತ್ತೆ ಮಾತ್ರ ನಗಲಿಲ್ಲ. ದನಿ ತಗ್ಗಿಸಿ, “ನಿನ್ನ ಮೇಲೆ ಒಂದು ಕಣ್ಣಿದೆ ಕಣೇ. ಹುಷಾರಾಗಿರು” ಎಂದರು. ಕಳ್ಳರೇ ಕಾವಲಿಗೆ ನಿಂತ ಹಾಗಾಯಿತು ಎಂದುಕೊಂಡು ನಾನು ಎದ್ದುಹೋದೆ.

ಭಾನುವಾರ ಮಧ್ಯಾಹ್ನ ಇವರು ಮೊಬೈಲು ಹಿಡಿದು ಸೋಫಾದಲ್ಲಿ ಕೂತಿದ್ದರು, ಅತ್ತೆ ಧಾರಾವಾಹಿ ನೋಡುತ್ತಿದ್ದರು. ಇವರು ಬಹಳ ತಣ್ಣಗೆ ಹೇಳಿದರು: “ತಂಗಿ ಮನೆಗೆ ಹೋಗ್ತಿರೋದು ಗೊತ್ತಾಯ್ತು. ನಾಳೆಯಿಂದ ಅಂಗಡಿ ಕೆಲಸ ಸಾಕು. ಮನೇಲಿರು.”

ನನ್ನ ಸಿಟ್ಟೆಲ್ಲ ಅತ್ತೆಯ ಮೇಲೆ ತಿರುಗಿತು. “ಸಮಾಧಾನ ಆಯ್ತಾ ಅತ್ತೆ? ಹಿಂದೆ ಹಿಂದೆ ಬಂದು ಎಲ್ಲಾ ಅವರಿಗೆ ಒಪ್ಪಿಸಿದ್ರಲ್ಲ! ಒಬ್ಬ ಹೆಣ್ಣುಮಗಳಿಗೆ ಇದ್ದ ಒಂದು ಆಸರೇನೂ ಕಿತ್ರಿ!”

ಇವರು ಸಣ್ಣಗೆ ನಕ್ಕರು. “ಅಮ್ಮನ ಮೇಲೆ ಯಾಕೆ ಹಾರಾಡ್ತೀಯ? ವಯಸ್ಸಾಯ್ತು. ಅದನ್ನೆಲ್ಲ ನೋಡಿ ನೋಡಿ ಯಾರ ಹಿಂದೆ ಬೇಕಾದ್ರೂ ಹೋಗ್ತಾಳೆ. ಹೊಟ್ಟೆಗೆ ಹಾಕ್ಕೋ.”

ಅತ್ತೆ ರಿಮೋಟು ಎತ್ತಿ ಟೀವಿ ಆರಿಸಿದರು. ಕಥೆ ಅರ್ಧದಲ್ಲಿದ್ದಾಗ ಅವರು ಹಾಗೆ ಮಾಡಿದ್ದನ್ನು ನಾನು ಕಂಡೇ ಇರಲಿಲ್ಲ.

“ನಾನು ಹೋಗಿದ್ದು ಮಂಡಿ ಔಷಧಿಗೆ, ಬೀದಿ ಕೊನೇವರೆಗೆ. ನಿನ್ನ ಹಿಂದೆ ಇರೋದು ಅವರು ಇವರು ಯಾರೂ ಅಲ್ಲ ಕಣೇ” ಎಂದರು. ಬೆರಳು ಮಗನತ್ತ ತೋರಿತು. “ಅವನು.”

ನನಗೆ ಅರ್ಥವಾಗಲಿಲ್ಲ.

“ದಿನಾ ಸಾಯಂಕಾಲ ಇಲ್ಲೇ ಕೂತು ಮೊಬೈಲಲ್ಲಿ ನಕ್ಷೆ ತೆಗೀತಾನೆ. ಅದರಲ್ಲೊಂದು ಚುಕ್ಕಿ ಓಡಾಡುತ್ತೆ. ಏನೋ ಆಟ ಆಡ್ತಿದಾನೆ ಅಂದ್ಕೊಂಡಿದ್ದೆ. ಚುಕ್ಕಿ ನಮ್ಮ ಬೀದಿಗೆ ಬಂದಾಗಲೆಲ್ಲ ನೀನು ಗೇಟು ತೆಗೀತಿದ್ದೆ. ಮಗ ಅಂತ ಇಷ್ಟು ದಿನ ಬಾಯಿ ಕಟ್ಕೊಂಡಿದ್ದೆ. ಈಗ ನನ್ನ ತಲೆಗೇ ಕಟ್ಟೋಕೆ ಬಂದ.”

ನನ್ನ ಮೊಬೈಲು ಇವರೇ ಕೊಡಿಸಿದ್ದು. ಒಂದು ಸಂಜೆಯೆಲ್ಲ ಕೂತು ತಾವೇ ಅದನ್ನು ಸಿದ್ಧ ಮಾಡಿಕೊಟ್ಟಿದ್ದರು. ಎಷ್ಟು ಅಕ್ಕರೆ ಎಂದು ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ನಾಚಿಕೆಯೂ ಅಸಹ್ಯವೂ ಒಟ್ಟಿಗೇ ಬಂದವು.

“ನನ್ನ ಹೆಂಡತಿ ಎಲ್ಲಿದಾಳೆ ಅಂತ ನಾನು ತಿಳ್ಕೊಂಡರೆ ತಪ್ಪೇನಮ್ಮ?” ಇವರ ದನಿ ಏರಿತು.

“ಕೇಳಬಹುದಿತ್ತಲ್ಲೋ.”

“ಕೇಳಿದ್ನಲ್ಲ, ಸುಳ್ಳು ಹೇಳಿದ್ಲು!”

“ನಿಜ ಹೇಳಿದ್ರೆ ಬಿಡ್ತಿದ್ಯಾ?”

ನಾನು ನನ್ನ ಮೊಬೈಲನ್ನು ಇವರ ಪಕ್ಕ ಸೋಫಾದ ಮೇಲಿಟ್ಟೆ. “ತಂಗಿ ಮನೆಗೆ ಹೋಗಿ ಬರ್ತೀನಿ. ನಾಳೆ ಅಂಗಡಿಗೂ ಹೋಗ್ತೀನಿ” ಎಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಹಗುರವಾಯಿತು.

“ನಿಲ್ಲು, ನಾನೂ ಬರ್ತೀನಿ” ಎಂದು ಅತ್ತೆ ಚಪ್ಪಲಿ ಹುಡುಕಿದರು.

ಬೀದಿಯ ತಿರುವಿನಲ್ಲಿ ನನಗೆ ತಡೆಯಲಾಗಲಿಲ್ಲ, ಹಿಂದೆ ನೋಡಿದೆ. ಇವರು ಕಿಟಕಿಯಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು.

“ಅತ್ತೆ, ನೋಡ್ತಿದಾರೆ.”

ಅತ್ತೆ ನನ್ನ ತೋಳು ಹಿಡಿದುಕೊಂಡು ಮುಂದಕ್ಕೆ ನಡೆಸಿದರು. “ನೋಡಲಿ ಬಿಡು. ಇವತ್ತಾದರೂ ಕಣ್ಣಿಂದ ನೋಡಲಿ.”